ಬೇರು ಕೀಳುವ ಇಕ್ಕಳದ ಆಯ್ಕೆ



ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ, ಉಡಿಗಾಲದಂಥ ಊರುಗಳ ಮಳೆಯಾಶ್ರಿತ ಹೊಲವನ್ನು ನಾಲ್ಕು ವರ್ಷ ಬೀಳುಬಿಟ್ಟರೆ ಏನಾಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಬದುವಿನ ಮೇಲಿದ್ದ ಲಂಟಾನ ಹೊಲಕ್ಕಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಹೊರದೇಶದಿಂದ ತಂದ ಈ ಗಿಡ ಬಂಡೀಪುರದ ಕಾಡನ್ನೂ ಬಿಟ್ಟಿಲ್ಲ. ದನ ತಿಂದರೆ ಕಾಯಿಲೆ ಬೀಳುತ್ತದೆ. ಮಚ್ಚಿನಿಂದ ಸವರಿದರೆ ಮೊದಲಿಗಿಂತಲೂ ಒತ್ತಾಗಿ ಚಿಗುರುತ್ತದೆ. ಆದುದರಿಂದ ಬುಡಸಹಿತ ಕೀಳುವುದೊಂದೇ ದಾರಿ.

ಕೆಲವರು ಬುಡಕ್ಕೆ ಸರಪಳಿ ಸುತ್ತಿ ಟ್ರ್ಯಾಕ್ಟರಿನಿಂದ ಎಳೆಯುತ್ತಾರೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಬಿಗಿದು ಎಳೆದರೆ ಮುಂದಿನ ಚಕ್ರ ಮೇಲೆದ್ದು ಬಂಡಿ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಇಳಿದು ಓಡುವಷ್ಟು ಹೊತ್ತು ಸಿಗುವುದಿಲ್ಲ. ಇದಕ್ಕಿಂತ ವಾಸಿಯಾದ ಸಾಧನವೆಂದರೆ ಟ್ರ್ಯಾಕ್ಟರಿನ ಮುಂದಿನ ಲೋಡರಿಗೆ ತಗುಲಿಸುವ ಇಕ್ಕಳ. ಮಾರುವವರು ಇದನ್ನು ರೂಟ್ ಗ್ರ್ಯಾಪಲ್ ಎನ್ನುತ್ತಾರೆ. ಕೆಳಗೆ ಕಬ್ಬಿಣದ ಹಲ್ಲುಗಳು, ಮೇಲೆ ಎಣ್ಣೆಯ ಒತ್ತಡದಿಂದ ಮುಚ್ಚಿಕೊಳ್ಳುವ ದವಡೆ. ಹಲ್ಲು ಬುಡದಡಿ ಹೊಕ್ಕು ಎಬ್ಬಿಸುತ್ತದೆ, ದವಡೆ ಪೊದೆಯನ್ನು ಕಚ್ಚಿ ಹಿಡಿಯುತ್ತದೆ.

ಕೊಳ್ಳುವಾಗ ದೊಡ್ಡದೇ ಒಳ್ಳೆಯದೆಂದು ತಿಳಿಯುವವರೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ. ಇಕ್ಕಳದ ಸ್ವಂತ ತೂಕವೂ ಲೋಡರು ಹೊರಬೇಕಾದ ಹೊರೆಯೇ. ನಿಮ್ಮ ಲೋಡರು 500 ಕಿಲೋ ಎತ್ತಬಲ್ಲುದು, ಇಕ್ಕಳ 200 ಕಿಲೋ ಇದೆ ಎಂದಿಟ್ಟುಕೊಳ್ಳಿ. ಉಳಿದದ್ದು 300. ಅದೂ ಪೂರ್ತಿ ನಿಮ್ಮದಲ್ಲ. ಹೊರೆಯು ತೋಳಿನ ಗೂಟದಿಂದ ಮುಂದಕ್ಕೆ ಚಾಚಿಕೊಂಡಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ. ಅಂಗಡಿಯವನು ಹೇಳುವ ಅಂಕಿ ಗೂಟದ ಬಳಿಯದೋ ಹಲ್ಲಿನ ತುದಿಯದೋ ಎಂದು ಕೇಳಿ ಬರೆಸಿಕೊಳ್ಳಿ. ಹಿಂದಿನ ಎರಡೇ ಚಕ್ರಕ್ಕೆ ಬಲವಿರುವ ಟ್ರ್ಯಾಕ್ಟರಾದರೆ ಮುಂದಿನ ಅಚ್ಚಿನ ಗತಿಯನ್ನೂ ಯೋಚಿಸಬೇಕು. ಹಿಂದುಗಡೆ ಎದುರುಭಾರವಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಎತ್ತಿದ ಹೊರೆಯನ್ನು ನೆಲಕ್ಕೆ ಹತ್ತಿರದಲ್ಲಿಯೇ ಒಯ್ಯಬೇಕು, ಇಳಿಜಾರಿನಲ್ಲಂತೂ ಇನ್ನೂ ಎಚ್ಚರ.

ಇನ್ನು ಹಲ್ಲುಗಳ ನಡುವಣ ಸಂದು. ಇದನ್ನು ಯಾರೂ ಅಳೆಯುವುದಿಲ್ಲ. ನಾನಾದರೆ ಮೊದಲು ಅಳೆಯುವುದು ಇದನ್ನೇ. ಸಂದು ತೀರ ಕಿರಿದಾದರೆ ಬೇರಿನೊಡನೆ ಮಣ್ಣೂ ಬರುತ್ತದೆ. ಹೊಲದ ಸಾರವೆಲ್ಲ ಇರುವುದು ಮೇಲಿನ ಗೇಣುದ್ದ ಮಣ್ಣಿನಲ್ಲಿ. ಅದನ್ನು ಪೊದೆಯ ಜೊತೆಗೆ ಬದುವಿಗೆ ಸುರಿದು, ಆಮೇಲೆ ಗೊಬ್ಬರಕ್ಕೆ ಸಾಲ ಮಾಡುವುದು ಯಾವ ಲೆಕ್ಕ? ಎತ್ತಿ ಒಮ್ಮೆ ಮೆಲ್ಲನೆ ಅಲುಗಿಸಿದರೆ ಮಣ್ಣು ಉದುರಿ ಬೇರು ಮಾತ್ರ ಉಳಿಯುವಂತಿರಬೇಕು. ಹಸಿ ಎರೆಮಣ್ಣಿನಲ್ಲಿ ಯಾವ ಇಕ್ಕಳವೂ ಇದನ್ನು ಮಾಡದು. ನೆಲ ಹದವಾಗಿ ಆರಲಿ.

ಮೇಲಿನ ದವಡೆ ಒಂದೇ ಆಗಿದ್ದರೆ ಅಗ್ಗ, ಹಗುರ. ಎರಡಾಗಿ, ಒಂದೊಂದೂ ಬೇರೆಬೇರೆ ಮುಚ್ಚುವಂತಿದ್ದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಪೊದೆಯೂ ಜಾರದು. ಚಿಕ್ಕ ಟ್ರ್ಯಾಕ್ಟರಿಗೆ ಒಂದೇ ಸಾಕು. ದವಡೆಯನ್ನು ತೆರೆದು ಮುಚ್ಚಲು ಲೋಡರಿನದಲ್ಲದೆ ಮತ್ತೊಂದು ಎಣ್ಣೆಯ ದಾರಿ ಬೇಕು. ನಿಮ್ಮ ಬಂಡಿಯಲ್ಲಿ ಅದು ಇಲ್ಲದಿದ್ದರೆ ಹಾಕಿಸುವ ಖರ್ಚನ್ನೂ ಬೆಲೆಗೆ ಸೇರಿಸಿ.

ಎರಡು ಮೂರು ಎಕರೆಯವರು ಇದನ್ನು ಕೊಳ್ಳುವುದೇ ಬೇಡ. ಗಂಟೆಯ ಬಾಡಿಗೆಗೆ ತರಿಸಬಹುದು, ಇಲ್ಲವೆ ಗುದ್ದಲಿ ಹಿಡಿಯಬಹುದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಬಾಬು ಅವರು ತೋರಿಸಿದ ಕ್ರಮದಲ್ಲಿ ತಾಯಿಬೇರನ್ನು ನೆಲದ ಮಟ್ಟಕ್ಕಿಂತ ಕೆಲವೇ ಅಂಗುಲ ಕೆಳಗೆ, ಚಿಗುರೊಡೆಯುವ ಗಂಟಿನ ಅಡಿಯಲ್ಲಿ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿಸಿ ಒಣಗಲು ಬಿಡುತ್ತಾರೆ. ಇಕ್ಕಳದಿಂದ ಕಿತ್ತದ್ದನ್ನೂ ಬೇರು ಮೇಲಾಗಿಯೇ ಒಟ್ಟಬೇಕು. ಹಕ್ಕಿಗಳು ತಂದು ಹಾಕುವ ಬೀಜದಿಂದ ಮುಂದಿನ ಮಳೆಗೆ ಸಸಿಗಳು ಏಳುತ್ತವೆ. ಅವನ್ನು ಕೈಯಿಂದಲೇ ಕೀಳಬಹುದು.