ನೋಟಿಸಿಗೆ ಉತ್ತರ, ಹಳ್ಳಕ್ಕೂ ಉತ್ತರ

(ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಅಕ್ಕಿ ಗಿರಣಿಗಳವರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಮಲೆನಾಡಿನವನು. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯ ಮೂಲಕ ನಿಮ್ಮ ಭತ್ತದ ಗದ್ದೆಗಳಿಗೆ ಬರುತ್ತಾರೆ. ಕುದುರೆಮುಖದ ಗಣಿಯ ಹೂಳು ಭದ್ರೆಗಿಳಿಯುತ್ತಿದ್ದ ಕಾಲದಲ್ಲಿ ಮೇಲಿನವರಾದ ನಾವು ಕೂಗಿದೆವು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶವಾಯಿತು. 2005ರ ಕೊನೆಗೆ ಗಣಿ ನಿಂತಿತು. ಅಂಥ ಕಡೆಯಿಂದ ಬಂದವನು ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿಯನ್ನು ಪ್ರಶ್ನಿಸುವ ಬಗೆಯನ್ನು ಗಿರಣಿಯವರಿಗೆ ಹೇಳುವುದೆಂದರೆ ನಮ್ಮ ಗೆಳೆಯರಲ್ಲೇ ಕೆಲವರಿಗೆ ಅಸಮಾಧಾನ. ನನ್ನ ಎಣಿಕೆ ಬೇರೆ. ಅಡ್ಡಾದಿಡ್ಡಿಯಾಗಿ ತೆಗೆದ ಮಾದರಿಯಿಂದ ಪ್ರಾಮಾಣಿಕನಿಗೆ ತೊಂದರೆ. ನಿಜವಾಗಿ ನೀರು ಕೆಡಿಸಿದವನಿಗೆ ಅದೇ ತಪ್ಪಿಸಿಕೊಳ್ಳುವ ಕಿಂಡಿ.

ನಾವು ಕುಚ್ಚಲಕ್ಕಿ ಎನ್ನುವುದನ್ನು ಮಾಡಲು ನೀವು ಭತ್ತದ ತೂಕದಷ್ಟೇ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ನೀರು ಬಳಸಿ ನೆನೆಸುತ್ತೀರಿ. ಆ ನೀರಿಗೆ ಪಿಷ್ಟ, ಸಕ್ಕರೆ ಇಳಿಯುತ್ತವೆ. ವಿಷವಲ್ಲ, ನಿಜ. ಆದರೆ ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು ಸಾಯುತ್ತದೆ, ನೀರು ನಾರುತ್ತದೆ. ಇದನ್ನು ಅಳೆಯುವುದೇ ಬಿ.ಒ.ಡಿ. ಪರೀಕ್ಷೆ.

1974ರ ಜಲಮಾಲಿನ್ಯ ಕಾಯಿದೆಯ 21ನೆಯ ಕಲಮನ್ನು ದಯವಿಟ್ಟು ಓದಿರಿ. ಮಾದರಿ ತೆಗೆಯುವ ಅಧಿಕಾರಿ ವಿಶ್ಲೇಷಣೆಯ ಉದ್ದೇಶವನ್ನು ನೋಟಿಸಿನ ಮೂಲಕ ತಿಳಿಸಬೇಕು. ನಿಮ್ಮ ಅಥವಾ ನಿಮ್ಮ ಪ್ರತಿನಿಧಿಯ ಎದುರಿನಲ್ಲೇ ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕಬೇಕು. ಇಬ್ಬರೂ ಸಹಿ ಮಾಡಬೇಕು. ನೀವು ಕೋರಿದರೆ ಎರಡನೆಯ ಪಾಲು ಸರ್ಕಾರ ಗೊತ್ತುಪಡಿಸಿದ ಬೇರೊಂದು ಪ್ರಯೋಗಾಲಯಕ್ಕೆ ಹೋಗಬೇಕು. ನಡೆಯುವುದೇನು? ಮಾಲೀಕರು ಊರಲ್ಲಿರುವುದಿಲ್ಲ, ಗುಮಾಸ್ತ ತೋರಿಸಿದಲ್ಲಿ ಸಹಿ ಹಾಕುತ್ತಾನೆ, ಎರಡನೆಯ ಪಾಲನ್ನು ಕೇಳುವವರೇ ಇಲ್ಲ. ಹಟ್ಟಿಯ ಚಿನ್ನದ ಗಣಿಯಂಥ ದೊಡ್ಡ ಸಂಸ್ಥೆಗೆ ಕಾನೂನು ಬಲ್ಲವರು ಸಿಗುತ್ತಾರೆ. ಸಣ್ಣ ಗಿರಣಿಗೆ ಆ ಗುಮಾಸ್ತನೇ ವಕೀಲ. ಅವನಿಗೆ ಈ ನಾಲ್ಕು ಮಾತು ಕಲಿಸಿರಿ.

ಈ ಕ್ರಮ ತಪ್ಪಿದರೆ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲದು. ದೆಹಲಿ ಬಾಟ್ಲಿಂಗ್ ಕಂಪನಿಯ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ 1986ರಲ್ಲೇ ಹೀಗೆಂದಿತು. ಆದರೆ ಇದನ್ನೇ ನೆಚ್ಚಿ ಕೂರಬೇಡಿ. ತನ್ನ ಕೆಲಸದಿಂದ ಪರಿಸರಕ್ಕೆ ಹಾನಿಯಿಲ್ಲವೆಂದು ತೋರಿಸುವ ಹೊಣೆ ಉದ್ಯಮದ್ದೇ ಎಂದು ಸರ್ವೋಚ್ಚ ನ್ಯಾಯಾಲಯ 1999ರ ನಾಯುಡು ಪ್ರಕರಣದಲ್ಲಿ ಹೇಳಿದೆ.

ವಿಜ್ಞಾನದ ಒಂದು ಎಚ್ಚರಿಕೆ. "ನಮ್ಮ ಬಿಸಿಲಿನಲ್ಲಿ ಬಾಟಲಿ ದಿನವಿಡೀ ಜೀಪಿನಲ್ಲಿತ್ತು, ಆದ್ದರಿಂದ ಬಿ.ಒ.ಡಿ. ಹೆಚ್ಚು ಬಂತು" ಎಂದು ಆಕ್ಷೇಪಿಸುವುದುಂಟು. ಮಾದರಿಯನ್ನು 4 ಡಿಗ್ರಿ ತಂಪಿನಲ್ಲಿ ಒಯ್ಯಬೇಕೆಂಬುದು ಸರಿ. ಆದರೆ ಬಿಸಿಯಲ್ಲಿ ಜೀವಿಗಳು ದಾರಿಯಲ್ಲೇ ಸಕ್ಕರೆ ತಿಂದು ಮುಗಿಸುವುದರಿಂದ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ, ಏರುವುದಿಲ್ಲ. ಆ ವಾದ ಹೂಡಿದವರು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡಂತೆ.

ಇನ್ನು ಬಾಗಿಲುಗಳು. ಕಾರಣ ಕೇಳಿದ ನೋಟಿಸಿಗೆ ಅದರಲ್ಲೇ ಕೊಟ್ಟ ಅವಧಿಯೊಳಗೆ, ದಾಖಲೆ ಸಮೇತ ಉತ್ತರಿಸಿರಿ. ಸಮ್ಮತಿ ನಿರಾಕರಿಸಿದರೆ 28ನೆಯ ಕಲಮಿನಂತೆ 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ. 33ಎ ಅಡಿ ಮುಚ್ಚುವ ಆದೇಶವಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ, ಅದಕ್ಕೂ 30 ದಿನ. ನಮ್ಮ ಭಾಗಕ್ಕೆ ಚೆನ್ನೈ ಪೀಠ. ಬಾಗಿಲು ತಪ್ಪಿದರೆ ಏನಾಗುತ್ತದೆಂಬುದಕ್ಕೆ ತೂತ್ತುಕುಡಿಯ ಸ್ಟೆರ್ಲೈಟ್ ಕಾರ್ಖಾನೆಯನ್ನು ನೋಡಿ: ಹಸಿರು ನ್ಯಾಯಮಂಡಳಿಯಲ್ಲಿ ಗೆದ್ದದ್ದನ್ನು, ಆ ಮಂಡಳಿಗೆ ಅಧಿಕಾರವೇ ಇರಲಿಲ್ಲವೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಮುಂದೆ 2020ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ, 2024ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕಂಪನಿ ಸೋತಿತು.

ಹೊಟ್ಟಿನ ಬೂದಿಯ ವಿಷಯ 1981ರ ವಾಯುಮಾಲಿನ್ಯ ಕಾಯಿದೆಗೆ ಸೇರಿದ್ದು. ಕ್ರಮ ಹೆಚ್ಚುಕಡಿಮೆ ಇದೇ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶಕ್ಕೆ ತಡೆ ಸಿಕ್ಕಂತಲ್ಲ. ತಡೆಯನ್ನು ಬೇರೆಯಾಗಿ ಬೇಡಬೇಕು. ತಡೆ ಸಿಕ್ಕರೂ ನೆನೆಹಾಕಿದ ನೀರನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಡುವ ಹಕ್ಕೇನೂ ಸಿಗದು. ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿ ಕುಡಿಯುವ ಊರುಗಳು ನಿಮ್ಮ ತಾಲ್ಲೂಕುಗಳಲ್ಲಿವೆ. ನೀವು ಮಂಡಳಿಗೆ ಬರೆಯುವ ಉತ್ತರದ ಒಂದು ಪ್ರತಿಯನ್ನು ನಿಮ್ಮ ಹಳ್ಳದ ಕೆಳಗಿನ ಗ್ರಾಮ ಪಂಚಾಯಿತಿಗೂ ಕಳಿಸಿರಿ. ಕಳಿಸಲು ಹಿಂಜರಿಕೆಯಾದರೆ, ಆ ಉತ್ತರವನ್ನು ಮತ್ತೊಮ್ಮೆ ಬರೆಯಿರಿ.