ಬೇಲಿಯೊಳಗಿನ ಕೊನೆಯ ಗಿಡ



ಅಧ್ಯಕ್ಷ ಭಾಷಣ ಊಟದ ಹೊತ್ತಿಗೆ ಅಡ್ಡ ಬರಬಾರದು ಎಂಬ ಎಚ್ಚರ ನನಗಿದೆ. ಅದಕ್ಕೇ ಒಂದು ಗಿಡದ ಕತೆ ಹಿಡಿದು ಹೊರಡುತ್ತೇನೆ.

ಹಿಂದೂ ಮಹಾಸಾಗರದಲ್ಲಿ ಮಾರಿಷಸ್‌ಗೆ ಸೇರಿದ ರೋಡ್ರಿಗ್ಸ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಕಫೆ ಮರೋನ್, ಎಂದರೆ ಕಾಡುಕಾಫಿ, ನಮ್ಮ ಕೊಡಗು-ಚಿಕ್ಕಮಗಳೂರಿನ ಕಾಫಿಯ ಕುಟುಂಬಕ್ಕೇ ಸೇರಿದ ಗಿಡ. ಇದು ಅಳಿದೇ ಹೋಯಿತೆಂದು ಸಸ್ಯಶಾಸ್ತ್ರಜ್ಞರು ಎಳ್ಳುನೀರು ಬಿಟ್ಟಿದ್ದರು. 1980ರ ಸುಮಾರಿಗೆ ಮೇಷ್ಟ್ರೊಬ್ಬರು ತರಗತಿಯಲ್ಲಿ ಅದರ ಹಳೆಯ ಚಿತ್ರ ತೋರಿಸಿದರು. ಹೆಡ್ಲಿ ಮನಾನ್ ಎಂಬ ಹುಡುಗ ಅಂಥದೇ ಒಂದು ಟೊಂಗೆ ಮುರಿದು ತಂದುಬಿಟ್ಟ! ಇದ್ದದ್ದು ಒಂದೇ ಗಿಡ. ಸುದ್ದಿ ಹಬ್ಬಿದ್ದೇ ತಡ, ಔಷಧಿಗೆಂದು ಜನ ಕೀಳತೊಡಗಿದರು. ಬೇಲಿ ಹಾಕಿದರು, ಬೇಲಿಯ ಸುತ್ತ ಇನ್ನೊಂದು ಬೇಲಿ ಹಾಕಿದರು.

1986ರಲ್ಲಿ ಅದರ ಕಡ್ಡಿಗಳು ಲಂಡನ್ನಿನ ಕ್ಯೂ ಉದ್ಯಾನಕ್ಕೆ ವಿಮಾನ ಹತ್ತಿದವು. ಕಡ್ಡಿ ಬೇರು ಬಿಟ್ಟಿತು, ಹೂವೂ ಬಿಟ್ಟಿತು. ಕಾಯಿ ಮಾತ್ರ ಕಚ್ಚಲಿಲ್ಲ. 2003ರಲ್ಲಿ ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತೋಟಗಾರ ಹೂವಿನ ಶಲಾಕಾಗ್ರ, ಎಂದರೆ ಪರಾಗ ಹಿಡಿಯುವ ತುದಿ, ಕತ್ತರಿಸಿ ಪರಾಗ ಮುಟ್ಟಿಸುತ್ತ, ಪಟ್ಟುಬಿಡದೆ ಕುಳಿತ ಮೇಲೆ ಕೊನೆಗೂ ಬೀಜ ಸಿಕ್ಕಿತು.

ಇಲ್ಲಿ ಚಪ್ಪಾಳೆ ತಟ್ಟುತ್ತೇವೆ. ನನ್ನ ತಕರಾರು ಶುರುವಾಗುವುದೂ ಇಲ್ಲೇ. ಈ ಗಿಡ ಎಳವೆಯಲ್ಲಿ ಸಣಕಲು, ಕಂದು, ಒಣಗಿದಂಥ ಎಲೆ ಬಿಡುತ್ತದೆ. ಎತ್ತರವಾದ ಮೇಲೆ ಅಗಲವಾದ ಹಸಿರೆಲೆ. ದ್ವೀಪದ ತುಂಬ ಮೇಯುತ್ತಿದ್ದ ದೈತ್ಯ ಆಮೆಗಳ ಕಣ್ಣು ತಪ್ಪಿಸಲು ಈ ವೇಷ ಎಂಬುದು ಹಲವರ ಊಹೆ. ಮನುಷ್ಯರು ಆ ಆಮೆಗಳನ್ನು ತಿಂದು ಮುಗಿಸಿ ತಲೆಮಾರುಗಳೇ ಕಳೆದಿವೆ. ಗಿಡ ಇವತ್ತಿಗೂ ಬಾರದ ಆಮೆಗೆ ಹೆದರಿ ವೇಷ ಹಾಕುತ್ತಿದೆ. ಕುಂಡದಲ್ಲಿ ನಾವು ಉಳಿಸಿದ್ದು ಗಿಡವನ್ನು, ಅದರ ನೆರೆಹೊರೆಯನ್ನಲ್ಲ.

ನೆರೆಹೊರೆಯನ್ನೂ ಕಟ್ಟಲು ಹೊರಟವರಿದ್ದಾರೆ. ಮಾರಿಷಸ್ಸಿನ ಮಾಹೆಬೂರ್ ಬಳಿಯ ಈಲ್ ಓ ಎಗ್ರೆಟ್ ನಡುಗಡ್ಡೆ ಬರೀ 26 ಹೆಕ್ಟೇರ್. ನಮ್ಮ ಬೀಡಿ ಎಲೆ ಮರದ ಬಳಗದ ಎಬೊನಿ ಅಲ್ಲಿದೆ. ಹಣ್ಣು ತಿಂದು ಬೀಜ ಒಯ್ಯುವ ಆಮೆಗಳು ಇಲ್ಲವಾಗಿ, ಹಣ್ಣು ತಾಯಿಮರದ ಬುಡದಲ್ಲೇ ಬಿದ್ದಿರುತ್ತಿತ್ತು. 2000ದಲ್ಲಿ ಆಲ್ಡಾಬ್ರ ದ್ವೀಪದ ತಳಿಯ ಆಮೆಗಳನ್ನು ತಂದುಬಿಟ್ಟರು. ಅವುಗಳ ಹಿಕ್ಕೆಯೊಂದಿಗೆ ಬೀಜ ದೂರ ದೂರ ಹೋಯಿತು, ಮೊಳಕೆಯೂ ಚೆನ್ನಾಗಿ ಬಂತು. ತೀರಿಹೋದವರ ಕೆಲಸಕ್ಕೆ ದೂರದ ನೆಂಟರನ್ನು ಕರೆಸಿದಂತೆ!

ಆದರೆ ಆಮೆ ಎಲ್ಲವನ್ನೂ ಮಾಡಲಾರದು. ಮಾರಿಷಸ್ಸಿನ ಬ್ಲ್ಯಾಕ್ ರಿವರ್ ಕಣಿವೆಯಲ್ಲಿ ಕಾಡನ್ನು ನುಂಗುತ್ತಿರುವುದು ಬ್ರೆಜಿಲ್ ಮೂಲದ ಪುಟ್ಟ ಪೇರಲೆ. ಬಂಡೀಪುರದ ಲಂಟಾನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಂಕೆ, ಹಂದಿ ನುಗ್ಗದಂತೆ ಬೇಲಿ ಕಟ್ಟಿ, ಆಳುಗಳು ಪೇರಲೆ ಕಿತ್ತು ತೆಗೆಯಬೇಕು. ಹಕ್ಕಿ ಬೀಜ ಹಾಕುತ್ತದೆ, ಮತ್ತೆ ಕೀಳಬೇಕು. ಕ್ಯಾಮೆರಾಗಳು ಪ್ರಯೋಗಾಲಯಕ್ಕೆ ಹೋಗುತ್ತವೆ, ಕಳೆ ಕೀಳುವವರ ಬಳಿಗಲ್ಲ. ಹಣವೂ ಹಾಗೆಯೇ ಎಂಬುದು ನನ್ನ ಅನುಮಾನ.

ಮಧ್ಯಾಹ್ನ ಬೀಜ ಬ್ಯಾಂಕಿನ ಗೋಷ್ಠಿಯಿದೆ. ಪ್ರಬಂಧ ಮಂಡಿಸುವವರನ್ನೆಲ್ಲ ಒಂದು ಪ್ರಶ್ನೆ ಕೇಳಿ ಎಂದು ಸಭಿಕರಲ್ಲಿ ಕೋರುತ್ತೇನೆ: ನಿಮ್ಮ ಯೋಜನೆ ಮುಗಿದ ನಾಲ್ಕನೇ ಮಳೆಗಾಲದಲ್ಲಿ ನೀವು ನೆಟ್ಟ ಸಸಿಯ ಬುಡದ ಕಳೆ ಕೀಳುವವರು ಯಾರು, ಅವರ ಕೂಲಿ ಕೊಡುವವರು ಯಾರು?