ಸ್ವಾತಿಯ ಹನಿ, ಅಳಿವೆಯ ನೀರು

ಸಿಂಪು ಎಂದೊಡನೆ ನಮ್ಮ ಕವಿಗಳಿಗೆ ನೆನಪಾಗುವುದು ಮುತ್ತು. ಸ್ವಾತಿಯ ಮಳೆಗೆ ಬಾಯ್ದೆರೆದು ಕಾದು, ಒಂದು ಹನಿಯನ್ನು ಕುಡಿದು, ಬಾಯಿ ಮುಚ್ಚಿ ಕಡಲ ತಳಕ್ಕಿಳಿಯುವ ಸಿಂಪಿನ ಕವಿಸಮಯ ಸಂಸ್ಕೃತದಿಂದ ಕನ್ನಡಕ್ಕೆ ಬಂದು ನೆಲೆಯೂರಿದೆ. ಕಲ್ಪನೆ ಸೊಗಸಾದುದು, ಪ್ರಾಣಿಯ ನಡತೆಗೆ ಮಾತ್ರ ತೀರ ವಿರುದ್ಧವಾದುದು. ದೊಡ್ಡದೊಂದು ಸಿಂಪು ಅನುಕೂಲದ ಕಾಲದಲ್ಲಿ ದಿನಕ್ಕೆ ನೂರು ಲೀಟರಿಗೂ ಮಿಕ್ಕ ನೀರನ್ನು ತನ್ನ ಕಿವಿರುಗಳಲ್ಲಿ ಹಾಯಿಸಿ ಸೋಸುತ್ತದೆ. ನೀರನ್ನು ಹೊರಗೆ ಬಿಟ್ಟು, ಅದರಲ್ಲಿದ್ದ ಕಣಗಳನ್ನು ಒಳಗೆ ಉಳಿಸಿಕೊಳ್ಳುತ್ತದೆ. ಅದಕ್ಕೆ ಅಮೃತವೆಂದೂ ವಿಷವೆಂದೂ ಭೇದವಿಲ್ಲ.

ಚೌಳಹಿರಿಯೂರಿನಂಥ ಬಯಲುಸೀಮೆಯ ಊರಿನವನಿಗೆ ಕಡಲ ಚಿಪ್ಪಿನ ಮಾತೇಕೆ ಎಂದು ಕೇಳುಗರು ಶಂಕಿಸಬಹುದು. ಚೌಳು ಎಂದರೆ ಉಪ್ಪುಮಣ್ಣು. ಉಪ್ಪಿನೊಡನೆ ನಮ್ಮ ನಂಟು ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಆದರೆ ಘಟ್ಟವಿಳಿದು ಪ್ರವಾಸ ಹೋಗುವ ನಮ್ಮವರು ಈಗ ಉತ್ತರ ಕನ್ನಡದ ಬಳಚನ್ನೂ ತುಳುನಾಡಿನ ಮರುವಾಯಿಯನ್ನೂ ರುಚಿ ನೋಡಿಯೇ ಬರುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲು ಕೆಸರಿನಲ್ಲಿ ನಿಂತು ಬಳಚು ಆಯುವವರಿಗೆ ಅದು ರುಚಿಯ ಪ್ರಶ್ನೆಯಲ್ಲ, ದಿನದ ಗಂಜಿಯ ಪ್ರಶ್ನೆ. ಆ ಅಳಿವೆಗೆ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆತದ್ದು 2024ರಲ್ಲಿ ಪ್ರಕಟವಾಯಿತು.

ಚಿಪ್ಪಿನೊಳಗೆ ಸೇರುವ ಕೇಡು ಎರಡು ಬಗೆಯದು. ಮೊದಲನೆಯದು ರೋಗಾಣು. ಊರಿನ ಕೊಳಚೆ ಅಳಿವೆಗೆ ಇಳಿದಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳೂ ಕಾಮಾಲೆಯ ವೈರಾಣುವೂ ಚಿಪ್ಪನ್ನು ಸೇರುತ್ತವೆ. 1988ರಲ್ಲಿ ಚೀನದ ಶಾಂಘೈ ನಗರದಲ್ಲಿ ಅರೆಬೆಂದ ಚಿಪ್ಪಿನ ಮಾಂಸವನ್ನು ತಿಂದು ಸುಮಾರು ಮೂರು ಲಕ್ಷ ಜನ ಕಾಮಾಲೆಗೆ ಗುರಿಯಾದರು. ವಿಬ್ರಿಯೊ ಕುಲದ ಕೆಲವು ಬ್ಯಾಕ್ಟೀರಿಯಾಗಳಿಗಂತೂ ಕೊಳಚೆಯೂ ಬೇಕಿಲ್ಲ. ಬೆಚ್ಚಗಿನ ಉಪ್ಪುನೀರೇ ಅವುಗಳ ತವರು. ಈ ಕೇಡಿಗೆ ಬೆಂಕಿಯೇ ಮದ್ದು. ಬಾಯಿ ತೆರೆದೊಡನೆ ಒಲೆಯಿಂದ ಇಳಿಸಿದರೆ ಸಾಲದು. ಅನಂತರವೂ ಕೆಲವು ನಿಮಿಷ ಚೆನ್ನಾಗಿ ಕುದಿಯಬೇಕು. ಅಡುಗೆಗೆ ಮುನ್ನವೇ ಬಾಯಿ ಬಿಟ್ಟಿದ್ದು, ತಟ್ಟಿದರೂ ಮುಚ್ಚದ ಚಿಪ್ಪು ಸತ್ತದ್ದು, ಅದನ್ನು ಎಸೆಯಬೇಕು. ರಾತ್ರಿಯಿಡೀ ಬೋಗುಣಿಯ ನೀರಿನಲ್ಲಿ ಇಡುವ ರೂಢಿಯಿಂದ ಮರಳು ಹೋಗುತ್ತದೆ, ರೋಗಾಣು ಹೋಗುವುದಿಲ್ಲ. ಅದಕ್ಕಾಗಿ ಬೇರೆ ಏರ್ಪಾಡುಂಟು: ಸೋಸಿ, ಅತಿನೇರಳೆ ಕಿರಣ ಹಾಯಿಸಿದ ಸಮುದ್ರದ ನೀರು ಹರಿಯುವ ತೊಟ್ಟಿಯಲ್ಲಿ ಒಂದೆರಡು ದಿನ ಬಿಟ್ಟರೆ ಚಿಪ್ಪು ತಾನಾಗಿಯೇ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ಹೊರಹಾಕುತ್ತದೆ. ವೈರಾಣುಗಳು ಅಷ್ಟು ಸುಲಭವಾಗಿ ಹೊರಡುವುದಿಲ್ಲ.

ಎರಡನೆಯ ಕೇಡು ಬೆಂಕಿಗೂ ಬಗ್ಗದು. ಕಡಲಿನಲ್ಲಿ ಕಣ್ಣಿಗೆ ಕಾಣದ ಪಾಚಿಜೀವಿಗಳು ಕೆಲವೊಮ್ಮೆ ಏಕಾಏಕಿ ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಚಿಪ್ಪಿಗೆ ಅದರಿಂದ ಸಾಮಾನ್ಯವಾಗಿ ಬಾಧೆಯಿಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಕೆಡುವುದಿಲ್ಲ. ತಿಂದವನಿಗೆ ಮೊದಲು ತುಟಿ ಜುಮುಗುಟ್ಟುತ್ತದೆ, ನಾಲಗೆ ಮರಗಟ್ಟುತ್ತದೆ, ಕೈಕಾಲು ಸೋಲುತ್ತವೆ; ವಿಷ ಹೆಚ್ಚಾಗಿದ್ದರೆ ಉಸಿರಾಟವೇ ನಿಲ್ಲುತ್ತದೆ. ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಕೃತಕ ಉಸಿರು ಕೊಟ್ಟು, ದೇಹ ವಿಷವನ್ನು ಕಳೆದುಕೊಳ್ಳುವವರೆಗೆ ಕಾಯುವುದೊಂದೇ ದಾರಿ. 1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ನಾವಿಕನೊಬ್ಬ ಅಮೆರಿಕದ ವಾಯವ್ಯ ತೀರದಲ್ಲಿ ಹೀಗೆಯೇ ಸತ್ತ.

ಇದು ದೂರದ ಕಥೆಯಲ್ಲ. 1981ರಲ್ಲಿ ತಮಿಳುನಾಡಿನಲ್ಲಿ ಚಿಪ್ಪು ತಿಂದ ಮೂವರು ತೀರಿಕೊಂಡರು, 85 ಜನ ಆಸ್ಪತ್ರೆ ಸೇರಿದರು. 1983ರಲ್ಲಿ ಮಂಗಳೂರಿನ ಬಳಿಯೇ ಈ ವಿಷಬಾಧೆ ಕಾಣಿಸಿಕೊಂಡಿತು. 1969ರಲ್ಲಿ ಆರಂಭವಾದ ಅಲ್ಲಿಯ ಮೀನುಗಾರಿಕೆ ಕಾಲೇಜಿನ ಇದ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮೊದಲಾದವರು ಅದನ್ನು ಶೋಧಿಸಿ, ಮರುವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1997ರಲ್ಲಿ ಕೇರಳದ ವಿಳಿಂಜದಲ್ಲಿ ಏಳು ಜನ ಸತ್ತರು.

ಬೆಳ್ಳಿಯ ಚಮಚ ಕಪ್ಪಾದರೆ ವಿಷವಿದೆ, ನೀರು ಕೆಂಪಾಗದಿದ್ದರೆ ಭಯವಿಲ್ಲ ಎಂಬ ಮಾತುಗಳನ್ನು ನಂಬಬಾರದು. ಕೆಂಪು ನೀರೆಲ್ಲ ವಿಷವಲ್ಲ. ತಿಳಿನೀರಿನ ಚಿಪ್ಪಿನಲ್ಲೂ ವಿಷವಿರಬಹುದು. ಪತ್ತೆಗೆ ಪ್ರಯೋಗಾಲಯವೇ ಬೇಕು. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೊಗ್ರಾಂ ಮೀರಬಾರದೆಂಬುದು ಹಲವು ದೇಶಗಳು ಒಪ್ಪಿದ ಮಿತಿ. ಮೀರಿದರೆ ಆ ಅಳಿವೆಯಲ್ಲಿ ಆಯುವುದನ್ನೇ ನಿಲ್ಲಿಸಬೇಕು. ಪಾಚಿ ತೊಲಗಿದ ಮೇಲೂ ಚಿಪ್ಪು ಶುದ್ಧವಾಗಲು ವಾರಗಳು, ಕೆಲವು ಜಾತಿಗಳಲ್ಲಿ ತಿಂಗಳುಗಳು ಹಿಡಿಯುತ್ತವೆ.

ನಿಲ್ಲಿಸಬೇಕು ಎನ್ನುವುದು ನಮಗೆ ಸುಲಭದ ಮಾತು. ಬಳಚು ಆಯುವ ಹೆಂಗಸಿಗೆ ಅಷ್ಟು ವಾರ ಬುಟ್ಟಿ ಬರಿದು. ಪರೀಕ್ಷೆ ನಡೆದು ಅವಳ ಅಳಿವೆಯನ್ನು ಮುಚ್ಚಿದರೆ, ಮುಚ್ಚಿದಷ್ಟು ದಿನದ ಕೂಲಿಯನ್ನೂ ಯಾರಾದರೂ ಕಟ್ಟಿಕೊಡಬೇಕು. ಇಲ್ಲವಾದರೆ ಅವಳು ಕತ್ತಲಲ್ಲಿ ನೀರಿಗಿಳಿಯುತ್ತಾಳೆ, ಆ ಬುಟ್ಟಿ ಬೆಳಗಿನ ಸಂತೆಗೆ ಬರುತ್ತದೆ.